ಮೋರ್ಸಿಂಗ್ ಅನಂತರಾಮು ಅವರಿಗೆ ನಾನು ಕೊಟ್ಟ ಪ್ರಶಸ್ತಿ

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ. ಚಾಮರಾಜಪೇಟೆಯ ಅರ್ಧಕ್ಕರ್ಧ ಮದುವೆಗಳ ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆದವಳು ನಾನೇ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ನನಗೆ ಉಳಿದಿದ್ದು ಮಂಡಿನೋವು ಮತ್ತು ಈ ಅಕ್ಷರ. ಆದ್ದರಿಂದ ಹಳೆಯ ಶಿಷ್ಯ ನವೀನ ಒಂದು ದಿನ ದೊಡ್ಡ ಫೈಲು ಹಿಡಿದುಕೊಂಡು ಮನೆಗೆ ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಪ್ರತಿಭೆಯನ್ನು ಹುಡುಕಿಕೊಂಡು ಜನ ಬರಲೇಬೇಕಲ್ಲ!

"ಮಿಸ್, ಸಂಗೀತೋದ್ಯಮದ ರಾಷ್ಟ್ರಮಟ್ಟದ ಪ್ರಶಸ್ತಿ ಸಮಾರಂಭ ಈ ಸಲ ಬೆಂಗಳೂರಲ್ಲೇ. ಏರ್ಪಾಡೆಲ್ಲ ನಮ್ಮ ಕಂಪನಿದು. ಸರ್ಟಿಫಿಕೇಟಲ್ಲಿ ಹೆಸರು ಕನ್ನಡದಲ್ಲಿ, ಕೈಬರಹದಲ್ಲೇ ಇರ್ಬೇಕಂತೆ. ನೀವೇ ಬರ್ಕೊಡ್ಬೇಕು" ಎಂದ.

ಮೂವತ್ತೆಂಟು ಪ್ರಶಸ್ತಿಗಳು. ಅಂಚಿಗೆ ಬಂಗಾರದ ಬಣ್ಣ ಬಳಿದ ದಪ್ಪ ಹಾಳೆಗಳು. ಜೊತೆಗೆ ಗೆದ್ದವರ ಪಟ್ಟಿ.

"ಇದು ಯಾರಿಗೂ ಗೊತ್ತಾಗ್ಬಾರ್ದು ಮಿಸ್. ಅವತ್ತು ಸ್ಟೇಜಲ್ಲಿ ಕವರ್ ಒಡೆದು, ಸರ್ಟಿಫಿಕೇಟ್ ನೋಡಿಯೇ ಹೆಸರು ಓದ್ತಾರೆ. ಅಲ್ಲೀವರೆಗೂ ಗುಟ್ಟು."

"ನನ್ನ ಬಾಯಿಂದ ಬರಲ್ಲ, ಹೋಗು" ಎಂದೆ. ಆ ಮಾತು ಉಳಿಸಿಕೊಂಡೆ. ಬಾಯಿಂದ ನಿಜವಾಗಿಯೂ ಏನೂ ಬರಲಿಲ್ಲ!

ನವೀನ ಹೋದ ಮೇಲೆ ಪಟ್ಟಿ ಓದಿದೆ. ಇಪ್ಪತ್ತೆರಡನೆಯ ಸಾಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. 'ವರ್ಷದ ಅತ್ಯುತ್ತಮ ವಾದ್ಯವಾದನ.' ಅದರ ಮುಂದೆ ಕೋಲ್ಕತ್ತಾದ ಒಬ್ಬ ಸರೋದ್ ವಾದಕರ ಹೆಸರಿತ್ತು. ಆ ವಿಭಾಗದ ಅಂತಿಮ ಐವರಲ್ಲಿ ನಮ್ಮ ಪಕ್ಕದ ಮನೆಯ ಅನಂತರಾಮು ಕೂಡ ಒಬ್ಬರು.

ಅನಂತರಾಮು ನುಡಿಸುವುದು ಮೋರ್ಸಿಂಗ್. ಹಲ್ಲಿಗೆ ಆನಿಸಿಕೊಂಡು ಬೆರಳಿನಿಂದ ಮೀಟುವ, ಅಂಗೈಯಗಲದ ಕಬ್ಬಿಣದ ವಾದ್ಯ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಇಪ್ಪತ್ತು ವರ್ಷದಿಂದ 'ಟೊಂಯ್ ಟೊಂಯ್' ಕೇಳಿಕೊಂಡೇ ನಾನು ಸಾರಿಗೆ ಒಗ್ಗರಣೆ ಹಾಕಿದ್ದೇನೆ. ಗಾಂಧಿನಗರದ ರೆಕಾರ್ಡಿಂಗುಗಳಿಗೆ ನಲವತ್ತು ವರ್ಷ ಓಡಾಡಿದರೂ ಆ ಮನುಷ್ಯರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಬಂದಿರಲಿಲ್ಲ. ಹಾಡಿನ ನಡುವೆ ಎರಡು 'ಟೊಂಯ್' ಕೊಟ್ಟು, ಬಸ್ಸು ಹಿಡಿದು ಮನೆಗೆ ಬರುವುದೇ ಅವರ ಸಂಗೀತಜೀವನ. ಈ ವರ್ಷ ಯಾರೋ ಪುಣ್ಯಾತ್ಮರು ತಮ್ಮ ಆಲ್ಬಮ್ಮಿನಲ್ಲಿ ಅವರೊಬ್ಬರಿಗೇ ಏಳು ನಿಮಿಷ ಬಿಟ್ಟುಕೊಟ್ಟಿದ್ದರು.

ಅವರಿಗೆ ಬಂದಿಲ್ಲ ಅನ್ನುವುದು ಇಡೀ ರಸ್ತೆಯಲ್ಲಿ ನನಗೊಬ್ಬಳಿಗೇ ಗೊತ್ತು. ಅವರು ಆಗಲೇ ರೇಷ್ಮೆ ಜುಬ್ಬಾ ಹೊಲಿಯಲು ಹಾಕಿದ್ದರು.

ಮುಂಚಿತವಾಗಿ ಅವರ ಮನಸ್ಸನ್ನು ಹದಗೊಳಿಸುವುದು ನೆರೆಹೊರೆಯ ಧರ್ಮ ಎಂದು ತೀರ್ಮಾನಿಸಿದೆ. ಮೊದಲ ದಿನದ ಬರವಣಿಗೆ ಮುಗಿಸಿ ಕಾಂಪೌಂಡಿನ ಬಳಿ ನಿಂತು, "ಅನಂತರಾಮು ಅವರೇ, ಪ್ರಶಸ್ತಿ ಏನ್ ದೊಡ್ಡದು ಬಿಡಿ. ಕಲೆ ಮುಖ್ಯ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಕೈ ನೋಡಿದರು.

"ಟೀಚರ್, ಬೆರಳಿಗೇನದು, ಶಾಯಿ?"

"ರಾಮಕೋಟಿ ಬರೀತಿದೀನಿ."

"ಬಂಗಾರದ ಪುಡಿ ಅಂಟ್ಕೊಂಡಿದೆಯಲ್ಲ?"

"ಸ್ವಲ್ಪ... ಒಳ್ಳೇ ಪುಸ್ತಕ ಅದು."

ಅವರು ನಕ್ಕರು. "ಅರ್ಥ ಆಯ್ತು ಟೀಚರ್. ನೀವೇನೂ ಹೇಳ್ಬೇಡಿ. ನಾನೂ ಕೇಳಲ್ಲ" ಎಂದು ಕೈಮುಗಿದು ಒಳಗೆ ಹೋದರು. ಅವತ್ತು ಗೋಡೆಯಾಚೆ 'ಟೊಂಯ್' ಒಂದು ಗಂಟೆ ಹೆಚ್ಚಾಯಿತು!

ಮಾರನೆಯ ದಿನ ಪಾಪ ಅನ್ನಿಸಿ ಕೇಸರಿಬಾತ್ ಮಾಡಿ ಕೊಟ್ಟೆ. ಅವರ ಕಣ್ಣು ತುಂಬಿತು. "ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಟೀಚರ್ ಮನೆಯಿಂದ ಕೇಸರಿಬಾತ್!" ಎಂದು ಗಟ್ಟಿಯಾಗಿ ಹೇಳಿದರು. ರಸ್ತೆಗೆಲ್ಲ ಕೇಳಿಸಿತು.

ಇನ್ನು ನಮ್ಮ ಯಜಮಾನರು. ಅವರಿಗೆ ನಾನು ಏನೊಂದೂ ಹೇಳಿರಲಿಲ್ಲ. ಆದರೂ ಬೆಳಿಗ್ಗೆ ಹಾಲಿನ ಬೂತಿನಲ್ಲಿ, "ನಮ್ಮನೆಯವಳು ಬಾಯಿ ಬಿಡ್ತಿಲ್ಲ. ಆದ್ರೆ ಅವಳ ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂದು ನಾಲ್ಕು ಜನರ ಮುಂದೆ ಪ್ರಕಟಣೆ ಹೊರಡಿಸಿ ಬಂದರು.

"ರೀ, ನನ್ನ ಮುಖದಲ್ಲಿ ಏನ್ರೀ ಗೊತ್ತಾಗುತ್ತೆ?"

"ಸಂಕಟ ಕಾಣ್ತಿದೆ. ಖುಷಿ ತಡ್ಕೊಳೋಕ್ಕಾಗ್ದೇ ಇರೋ ಸಂಕಟ."

ಮದುವೆಯಾಗಿ ಮೂವತ್ತೈದು ವರ್ಷ! ನಾನು ಎದ್ದು ಬರೆಯಲು ಹೋದೆ.

ಮೂರನೆಯ ದಿನ ಅನಂತರಾಮು ಬಂದು ಹದಿನೇಳು ಸೀಟಿನ ಟಿ.ಟಿ. ಗಾಡಿ ಗೊತ್ತು ಮಾಡಿದ್ದಾಗಿ ತಿಳಿಸಿದರು. ರಸ್ತೆಯವರೆಲ್ಲ ಸಮಾರಂಭಕ್ಕೆ ಬರಬೇಕಂತೆ.

"ಅಷ್ಟೊಂದು ಜನ ಯಾಕೆ? ಸುಮ್ನೆ ಆಟೋದಲ್ಲಿ ಒಬ್ರೇ ಹೋಗ್ಬನ್ನಿ" ಎಂದೆ, ಎದೆ ಗಟ್ಟಿ ಮಾಡಿಕೊಂಡು.

ಅವರು ಯೋಚಿಸಿದರು. "ದೃಷ್ಟಿ ಆಗುತ್ತೆ ಅಂತಲಾ ಟೀಚರ್? ಗಾಡಿಗೆ ನಿಂಬೆಹಣ್ಣು ಕಟ್ಟಿಸ್ತೀನಿ ಬಿಡಿ."

ಆ ಮಧ್ಯಾಹ್ನವೇ ಉಳಿದ ಹದಿನೆಂಟು ಸರ್ಟಿಫಿಕೇಟುಗಳನ್ನು ಬರೆದು ಮುಗಿಸಬೇಕಿತ್ತು. ಕೈ ಸೋತಿತ್ತು. ಗೋಡೆಯಾಚೆ ಎಡೆಬಿಡದೆ ಮೋರ್ಸಿಂಗ್. ಕಣ್ಣು ಮುಚ್ಚಿದರೆ ನಿಂಬೆಹಣ್ಣು ಕಟ್ಟಿದ ಟಿ.ಟಿ. ಬರೆದೆ, ಒಣಗಿಸಿದೆ, ಒಂದೊಂದನ್ನೂ ಅದರದರ ಕವರಿಗೆ ಹಾಕಿ ಅಂಟಿಸಿದೆ. ಇನ್ನೊಮ್ಮೆ ಓದಲಿಲ್ಲ. ನನ್ನ ಅಕ್ಷರವನ್ನು ಓದಿ ಪರೀಕ್ಷಿಸುವ ಅಗತ್ಯ ಎಂದೂ ಬಿದ್ದಿರಲಿಲ್ಲ!

ಸುಮಾರು ಎರಡು ವಾರದ ಮೇಲೆ ಸಮಾರಂಭ. ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ನಾವು ಹದಿನೇಳು ಜನ ಸಾಲಾಗಿ ಕೂತೆವು. ಮೇಲಿಂದ ಏಸಿಯ ಗಾಳಿ, ಮುಂದೆ ಭಾಷಣ. ಅತ್ಯುತ್ತಮ ಗಾಯಕ, ಅತ್ಯುತ್ತಮ ಗಾಯಕಿ, ಅತ್ಯುತ್ತಮ ಧ್ವನಿಮುದ್ರಣ, ಅತ್ಯುತ್ತಮ ರೀಮಿಕ್ಸ್. ಗೆದ್ದವರೆಲ್ಲ ಮೊದಲು ದೇವರಿಗೆ, ಆಮೇಲೆ ತಾಯಿಗೆ, ಕೊನೆಗೆ ತಮ್ಮ ಮ್ಯಾನೇಜರಿಗೆ ವಂದನೆ ಸಲ್ಲಿಸಿದರು. ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಮರಗಟ್ಟಿತು. ಯಜಮಾನರು ಏಳನೆಯ ಪ್ರಶಸ್ತಿಗೆ ನಿದ್ದೆ ಹೋದವರು ಹತ್ತೊಂಬತ್ತನೆಯದಕ್ಕೆ ಎದ್ದು, "ಕಾಫಿ ಕೊಡ್ತಾರಾ?" ಎಂದು ಕೇಳಿ ಮತ್ತೆ ನಿದ್ದೆ ಹೋದರು.

ಇಪ್ಪತ್ತೆರಡನೆಯದು ಬಂತು. ಹಿರಿಯ ಕನ್ನಡ ಗಾಯಕಿಯೊಬ್ಬರು ಕವರ್ ಒಡೆದರು. ಅನಂತರಾಮು ಜುಬ್ಬಾ ಸರಿಮಾಡಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ.

"ಮೋರ್ಸಿಂಗ್ ವಿದ್ವಾನ್ ಅನಂತರಾಮು!"

ಕಣ್ಣು ಬಿಟ್ಟೆ. ನಮ್ಮ ಸಾಲು ಎದ್ದು ನಿಂತು ಕೂಗುತ್ತಿತ್ತು. ಎರಡು ಕ್ಷಣ ನನಗೂ ಸಂತೋಷವೇ ಆಯಿತು. ಮೂರನೆಯ ಕ್ಷಣಕ್ಕೆ ಆ ಹಾಳೆಯ ಮೇಲಿನ ಅಕ್ಷರ ಯಾರದು ಎಂಬುದು ನೆನಪಾಯಿತು.

ಅವರು ವೇದಿಕೆ ಹತ್ತಿ ಟ್ರೋಫಿ ತೆಗೆದುಕೊಂಡರು. ಅವರ ಹಿಂದಿದ್ದ ದೊಡ್ಡ ಪರದೆಯ ಮೇಲೆ ಗಡ್ಡಧಾರಿ ಸರೋದ್ ವಾದಕರ ಚಿತ್ರ ಮೂಡಿತು. ಪರದೆಯವರ ಹತ್ತಿರ ಸರಿಯಾದ ಪಟ್ಟಿ ಇತ್ತು! ಅನಂತರಾಮು ಹಿಂದೆ ತಿರುಗಿ ನೋಡಲಿಲ್ಲ. ಜೇಬಿನಿಂದ ನಾಲ್ಕು ಹಾಳೆ ತೆಗೆದರು.

"ಮೊದಲಿಗೆ ನಮ್ಮ ಪಕ್ಕದ ಮನೆ ಸುಮಿತ್ರಾ ಟೀಚರಿಗೆ ನಮಸ್ಕಾರ. ಈ ಪ್ರಶಸ್ತಿ ನನಗೇ ಅಂತ ಅವರು ಹದಿನೈದು ದಿನ ಮುಂಚೆಯೇ ಸೂಚನೆ ಕೊಟ್ಟಿದ್ರು!"

ಸಭೆ ತಿರುಗಿ ನನ್ನನ್ನು ನೋಡಿತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ನವೀನನೂ ನೋಡಿದ. ಹಿಂದೆ ತರಗತಿಯಲ್ಲಿ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಆ ಹೊತ್ತಿಗೆ ನನ್ನನ್ನೂ ಯಾರಾದರೂ ಹಾಗೆ ನಿಲ್ಲಿಸಿದ್ದರೆ ಮರುಮಾತಾಡದೆ ನಿಲ್ಲುತ್ತಿದ್ದೆ.

ಎರಡನೆಯ ಹಾಳೆಗೆ ಬರುವಷ್ಟರಲ್ಲಿ ನವೀನ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಅನಂತರಾಮು ಆಗ ಪರದೆಯ ಕಡೆ ತಿರುಗಿದರು. ಚಿತ್ರವನ್ನು ನೋಡಿದರು. ಆಮೇಲೆ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು, ತಾವೇ ಮೆಟ್ಟಿಲಿಳಿದು ಮೂರನೆಯ ಸಾಲಿಗೆ ಹೋಗಿ, ಸರೋದ್ ವಾದಕರ ಕೈಗೆ ಟ್ರೋಫಿ ಕೊಟ್ಟರು. ಅವರು ಎದ್ದು ಇವರ ಕಾಲು ಮುಟ್ಟಿ ನಮಸ್ಕರಿಸಿದರು. ಚಪ್ಪಾಳೆ ಜೋರಾಗಿತ್ತು. ನನಗೆ ಮಾತ್ರ ತಟ್ಟಲು ಕೈ ಬರಲಿಲ್ಲ.

ಸಂಜೆ ಅದೇ ಗಾಡಿಯಲ್ಲಿ ಹದಿನೇಳು ಜನರೂ ವಾಪಸ್ಸು ಹೊರಟೆವು. ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅನಂತರಾಮು ನನ್ನ ಪಕ್ಕಕ್ಕೆ ಬಂದು ಕೂತರು.

"ಟೀಚರ್, ನನಗೆ ಬಂದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಕೇಸರಿಬಾತ್?"

"ಪಾಪ ಅನ್ನಿಸ್ತು. ಅದಕ್ಕೆ ಮಾಡ್ದೆ."

ಅವರು ಕಿಟಕಿಯಾಚೆ ನೋಡಿದರು. "ಚೆನ್ನಾಗಿತ್ತು" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ನವೀನ ಫೋನು ಮಾಡಿದ. ಸರೋದ್ ವಾದಕರಿಗೆ ಹೊಸ ಸರ್ಟಿಫಿಕೇಟ್ ಬರೆದುಕೊಡುತ್ತೇನೆ ಎಂದು ನಾನೇ ಹೇಳಿದೆ. "ಬೇಡ ಮಿಸ್, ಪ್ರಿಂಟ್ ಹೊಡೆಸ್ತೀವಿ" ಎಂದ, ಬಹಳ ಗೌರವದಿಂದ.

ಅದೇ ಸಂಜೆ ಅನಂತರಾಮು ಸರ್ಟಿಫಿಕೇಟ್ ಹಿಡಿದು ಬಂದರು. ಬೇರೆಯವರ ಹೆಸರಿದ್ದ ಹಾಳೆ ಸರೋದ್ ವಾದಕರಿಗೆ ಯಾಕೆಂದು ಸಂಘಟಕರು ಅದನ್ನು ಇವರಿಗೇ ಬಿಟ್ಟಿದ್ದರಂತೆ. ಮನಸ್ಸು ಸ್ವಲ್ಪ ತಿಳಿಯಾಯಿತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೇನೋ. ನಲವತ್ತು ವರ್ಷಕ್ಕೆ ಒಂದು ಕಡೆಯಾದರೂ ಅವರ ಹೆಸರು ಬಂತಲ್ಲ, ಅದೂ ನನ್ನ ಅಕ್ಷರದಲ್ಲಿ!

"ಕಟ್ಟು ಹಾಕಿಸೋಣ ಅಂತ ಹೊರಟಿದ್ದೆ ಟೀಚರ್" ಎಂದು ಅವರು ಸಂಕೋಚದಿಂದ ಹಾಳೆ ಚಾಚಿದರು. "ಅಂಗಡಿಯವರು ತೋರಿಸಿದ್ರು. ಇಲ್ಲಿ ಒಂದ್ಸಲ ನೋಡಿ."

ಕನ್ನಡಕ ಹಾಕಿಕೊಂಡು ನೋಡಿದೆ. ಬಂಗಾರದ ಅಂಚಿನ ನಡುವೆ, ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆದಿದ್ದೆ: 'ಅನಂತರಮು.'

ಬಿಟ್ಟ ದೀರ್ಘಕ್ಕೆಲ್ಲ ಮಕ್ಕಳಿಗೆ ಅರ್ಧರ್ಧ ಅಂಕ ಕಳೆದವಳು ನಾನು!