ನಮ್ಮ ಶೆಡ್ಡಿಗೆ ಬಂದ ಮೋಟರ್ ದೋಣಿ

ಮತ್ತೆ ಬೆಲ್. ಕೂತು ನಾಲ್ಕು ಸಾಲು ಬರೆಯೋಣ ಎಂದರೆ ಬೆಳಗಿನಿಂದ ಇದು ಐದನೇ ಸಲ. ಈಗ ಬಂದವರು ಹಿಂದಿನ ರಸ್ತೆಯ ರಿಟೈರ್ಡ್ ಅಂಕಲ್. ನಮ್ಮ ಶೆಡ್ಡಿನ ಕಡೆ ಕೈ ತೋರಿಸಿ ಕೇಳಿದರು: "ಏನಮ್ಮಾ, ಹವಾಮಾನದವರು ನಿಮಗೆ ಮಾತ್ರ ಮುಂಚೆನೇ ಏನಾದ್ರೂ ಹೇಳಿದ್ದಾರಾ?"

"ಹೂಂ ಅಂಕಲ್, ಮೊದಲು ಮುಳುಗೋದು ನಿಮ್ಮ ರಸ್ತೆನೇ ಅಂತೆ" ಎಂದು ಬಾಗಿಲು ಹಾಕಿಕೊಂಡು ಬಂದೆ.

ಜರಗನಹಳ್ಳಿಯ ಬಾಡಿಗೆ ಮನೆ ಮುಂದೆ ಹದಿನಾಲ್ಕು ಅಡಿ ಉದ್ದದ ದೋಣಿ ನಿಲ್ಲಿಸಿಕೊಂಡವರಿಗೆ ಇಂಥದ್ದು ತಪ್ಪುವುದಿಲ್ಲ. ಒಂದೊಂದಾಗಿ ಹೇಳಿಬಿಡುತ್ತೇನೆ. ಇನ್ನೊಂದು ಸಲ ಬೆಲ್ ಆಗುವುದರೊಳಗೆ.

ನೋಡಿ ಒಪ್ಪಿದ್ದು

ನಮ್ಮ ಮನೆಯವರದು ವಾಟರ್ ಫಿಲ್ಟರ್ ರಿಪೇರಿ ಕೆಲಸ. ಒಂದು ದಿನ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕನಕಪುರ ರಸ್ತೆಯಾಚೆ ಮುಚ್ಚಿಹೋದ ಒಂದು ರೆಸಾರ್ಟಿನ ಹಳೇ ಫೈಬರ್ ದೋಣಿ. ಹಿಂಭಾಗಕ್ಕೆ ಒಂದು ಎಂಜಿನ್ ನೇತು ಹಾಕಿದೆ. ಮಾರಾಟಕ್ಕಿದೆ.

"ಭಾನುವಾರ ಭಾನುವಾರ ನಿನ್ನನ್ನೂ ಮಗಳನ್ನೂ ಕೆರೆ ಮೇಲೆ ಸುತ್ತಾಡಿಸ್ತೀನಿ" ಎಂದರು.

"ರೀ, ನಿಮಗೆ ದೋಣಿ ಬಗ್ಗೆ ಏನು ಗೊತ್ತು?"

"ಹನ್ನೆರಡು ವರ್ಷದಿಂದ ನೀರಿನ ಲೈನಲ್ಲೇ ಇದ್ದೀನಿ ಕಣೇ!"

ನೋಡಲು ಹೋದೆವು. ಒಣಹುಲ್ಲಿನ ಮಧ್ಯೆ ನಾಲ್ಕು ಸೈಜುಗಲ್ಲಿನ ಮೇಲೆ ದೋಣಿ ಕೂತಿತ್ತು. ದೋಣಿಯೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ತೂತು ಗೀತು ಇದೆಯಾ ಎಂದು ನಾನು ಕೇಳಿದ್ದಕ್ಕೆ ಮಾರುವವನು ಕೋಳಿಯ ಕಡೆ ಕೈ ತೋರಿಸಿದ. "ಅಕ್ಕಾ, ಒದ್ದೆ ಇದ್ರೆ ಕೋಳಿ ಮೊಟ್ಟೆ ಮೇಲೆ ಕೂರುತ್ತಾ? ಒಂದು ಹನಿ ಒಳಗೆ ಬರಲ್ಲ."

"ಸರಿ, ನೀರಿಗೆ ಇಳಿಸಿ ತೋರಿಸಿ."

"ಕೆರೇಲಿ ನೀರಿಲ್ವಲ್ಲ ಅಕ್ಕಾ!"

ನಾನು ಓದಿದ್ದು ಎಸ್ಸೆಲ್ಸಿವರೆಗೆ. ಆದರೂ ದೋಣಿಯನ್ನು ನೀರಿನಲ್ಲಿ ನೋಡಿ ಕೊಳ್ಳಬೇಕು ಎಂಬಷ್ಟು ತಿಳಿಯುತ್ತದೆ. ಡಿಪ್ಲೊಮಾ ಓದಿದ ನಮ್ಮ ಮನೆಯವರು ಆಗಲೇ ಅದರ ಬೆನ್ನು ಸವರುತ್ತಾ ನಿಂತಿದ್ದರು. ನನ್ನನ್ನು ನೋಡಲು ಬಂದ ದಿನ ಇವರ ತಾಯಿ ನನ್ನನ್ನು ನಡೆಸಿ ನೋಡಿದ್ದರು, ಹಾಡಿಸಿ ನೋಡಿದ್ದರು, ಸೂಜಿಗೆ ದಾರ ಪೋಣಿಸಲು ಹೇಳಿ ನೋಡಿದ್ದರು. ದೋಣಿಗೆ ಯಾವ ಪರೀಕ್ಷೆಯೂ ಇಲ್ಲ. ಕೋಳಿ ಒಪ್ಪಿತು, ಇವರೂ ಒಪ್ಪಿದರು.

ಮನೆ ತುಂಬಿಸಿಕೊಂಡದ್ದು

ಮನೆ ಮುಂದಿನ ಆ ಶೆಡ್ಡು ನನ್ನ ಅಂಗಡಿ. ಮಗಳು ಹುಟ್ಟಿದ ಮೇಲೆ ಅಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಸಾರಕ್ಕಿ ಮಾರ್ಕೆಟ್ಟಿಗೆ ಹೋಗುವ ಹೆಂಗಸರೆಲ್ಲ ನಮ್ಮ ಗೇಟಿನ ಮುಂದೆಯೇ ಹಾಯುವುದು. ದೋಣಿ ಬಂತು, ಶೆಡ್ಡು ತುಂಬಿತು, ನನ್ನ ಮಿಷನ್ ಅಡುಗೆಮನೆಗೆ ಹೋಯಿತು.

"ಎರಡೇ ವಾರ ಅಡ್ಜಸ್ಟ್ ಮಾಡ್ಕೋ" ಎಂದರು ಇವರು. ಮಹಡಿ ಮೇಲಿನ ಓನರ್ ಆಂಟಿ ಇಳಿದು ಬಂದು ದೋಣಿಯನ್ನು ಒಂದು ಸುತ್ತು ಹಾಕಿದರು. "ಅಗ್ರಿಮೆಂಟಲ್ಲಿ ನಾಯಿ ಬೇಡ ಅಂತ ಬರೆಸಿದ್ದೆ. ಇದು ನನಗೆ ಹೊಳೀಲೇ ಇಲ್ಲ ನೋಡು" ಎಂದು ನಿಟ್ಟುಸಿರುಬಿಟ್ಟರು.

ಎರಡು ವಾರ ಎರಡು ತಿಂಗಳಾಯಿತು. ಗೇಟಿನಿಂದ ಮಿಷನ್ ಕಾಣದೆ, ಅಂಗಡಿ ಮುಚ್ಚಿದೆ ಎಂದುಕೊಂಡು ಹೆಂಗಸರು ಮುಂದಿನ ತಿರುವಿನ ಟೈಲರ್ ಹತ್ತಿರ ಹೋಗತೊಡಗಿದರು. ಉಳಿದವರಲ್ಲಿ ಕುಮಾರಸ್ವಾಮಿ ಲೇಔಟಿನ ಒಬ್ಬರು ಮದುವೆಗೆಂದು ರೇಷ್ಮೆ ಬ್ಲೌಸ್ ಹೊಲಿಸಿಕೊಂಡು ಹೋಗಿ, ಮಾರನೇ ದಿನ ಫೋನ್ ಮಾಡಿದರು. "ಫಿಟಿಂಗ್ ಸಖತ್ತಾಗಿದೆ ಅಕ್ಕಾ. ಆದ್ರೆ ಮದುವೆ ಮನೇಲಿ ಪಕ್ಕದಲ್ಲಿ ಕೂತವರೆಲ್ಲ, ಇವತ್ತು ನಿಮ್ಮನೇಲಿ ಹುರುಳಿಕಾಳು ಸಾರಾ ಅಂತ ಕೇಳಿದ್ರು."

ಅವತ್ತೇ ಇವರಿಗೆ ಹೇಳಿದೆ: "ಗೌರಿ ಹಬ್ಬದ ಬ್ಲೌಸುಗಳು ಬರೋದ್ರೊಳಗೆ ನನ್ನ ಶೆಡ್ಡು ನನಗೆ ಬೇಕು. ಇಲ್ಲಾಂದ್ರೆ ದೋಣಿಗೇ ಅಡುಗೆ ಮಾಡೋಕೆ ಹೇಳಿ."

ಪೂಜೆ

ಹೊಸದೋ ಹಳೆಯದೋ, ಗಾಡಿ ಬಂದ ಮೇಲೆ ಪೂಜೆ ಆಗದೆ ಅಲ್ಲಾಡುವ ಹಾಗಿಲ್ಲ ಎಂದರು ಅತ್ತೆ. ಟ್ರಾಲಿಯ ಮೇಲೇರಿಸಿ ಪಕ್ಕದ ಗಣಪತಿ ಗುಡಿಯ ಮುಂದೆ ನಿಲ್ಲಿಸಿದೆವು. ಎರಡು ಸ್ಕೂಟರು, ಒಂದು ಹೊಸ ಕಾರು, ಆಮೇಲೆ ನಾವು. ಅರ್ಚಕರು ಅಭ್ಯಾಸಬಲದಿಂದ ಹೂವು, ಕುಂಕುಮ ಎಲ್ಲ ಏರಿಸಿ, ಟ್ರಾಲಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರು.

"ಸ್ವಾಮಿ, ಅದು ಟ್ರಾಲಿ ಚಕ್ರ. ಟ್ರಾಲಿ ಬಾಡಿಗೇದು" ಎಂದರು ಇವರು. ಬಾಡಿಗೆ ಟ್ರಾಲಿಗೆ ಪುಣ್ಯ ಹೋಗಿಬಿಟ್ಟರೆ ಎಂಬ ಯೋಚನೆ ಇವರಿಗೆ.

"ಮತ್ತೆ ದೋಣಿ ಚಕ್ರ ಎಲ್ಲಿದೆ?"

"ದೋಣಿಗೆ ಚಕ್ರ ಇರಲ್ಲ ಸ್ವಾಮಿ."

ಅರ್ಚಕರು ನಿಂಬೆಹಣ್ಣು ಹಿಡಿದುಕೊಂಡು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂದಿದ್ದ ಆಟೋದವನು ಹಾರ್ನ್ ಹೊಡೆದ. "ಹೋಗಲಿ, ಎಂಜಿನ್ ಆದ್ರೂ ಸ್ಟಾರ್ಟ್ ಮಾಡಿ, ಆರತಿ ಎತ್ತಿಬಿಡ್ತೀನಿ" ಎಂದರು.

"ಅದು ನೀರಿಲ್ಲದೆ ಸ್ಟಾರ್ಟ್ ಮಾಡೋ ಹಾಗಿಲ್ಲ ಸ್ವಾಮಿ, ಕೆಟ್ಟುಹೋಗುತ್ತೆ."

ಅರ್ಚಕರು ಪಂಚಪಾತ್ರೆಯಿಂದ ಒಂದು ಉದ್ಧರಣೆ ತೀರ್ಥ ತೆಗೆದು ಎಂಜಿನ್ ಮೇಲೆ ಬಿಟ್ಟು ಕೇಳಿದರು: "ಇಷ್ಟು ಸಾಕಾಗುತ್ತಾ?"

ಡ್ರಮ್ಮಿನ ನೀರು

ಎಂಜಿನ್ ಪರೀಕ್ಷೆ ಮಾಡಬೇಕಾದರೆ ಅದರ ಫ್ಯಾನ್ ಇರುವ ತುದಿ ನೀರಿನಲ್ಲಿ ಮುಳುಗಿರಬೇಕಂತೆ. ಬೇಸಿಗೆ. ನಮ್ಮ ರಸ್ತೆಗೆ ಕಾವೇರಿ ನೀರು ಬಂದು ನಾಲ್ಕು ದಿನವಾಗಿತ್ತು. ಬಟ್ಟೆ ಒಗೆಯಲೆಂದು ನಾನು ತುಂಬಿಸಿಟ್ಟಿದ್ದ ನೀಲಿ ಡ್ರಮ್ಮನ್ನು, ನಾನು ಮಗಳನ್ನು ಅಂಗನವಾಡಿಗೆ ಬಿಡಲು ಹೋದಾಗ, ಇವರು ದೋಣಿಯ ಹಿಂದಕ್ಕೆ ಎಳೆದುಕೊಂಡಿದ್ದರು.

ನಾನು ವಾಪಸ್ ಬಂದಾಗ ಇವರು ಎಂಜಿನ್ನಿನ ಹಗ್ಗ ಎಳೆಯುತ್ತಿದ್ದರು. ಇಪ್ಪತ್ತು ಸಲ, ಮೂವತ್ತು ಸಲ. ಗೇಟಿನಲ್ಲಿ ಜನ ಸೇರಿತು. "ಚೋಕ್ ಎಳೀ ಗುರು" ಎಂದ ಒಬ್ಬ. "ಪ್ಲಗ್ ಬಿಚ್ಚಿ ಒರೆಸಿ ಅಣ್ಣಾ" ಎಂದ ಇನ್ನೊಬ್ಬ. ದೋಣಿಯನ್ನು ಜನ್ಮದಲ್ಲಿ ಹತ್ತದವರೆಲ್ಲ ಮೆಕ್ಯಾನಿಕ್ಕುಗಳೇ. ಕೊನೆಗೊಮ್ಮೆ ಹತ್ತಿಕೊಂಡಿತು ನೋಡಿ, ಇಡೀ ರಸ್ತೆ ನಡುಗಿತು. ಅರ್ಧ ನಿಮಿಷದಲ್ಲಿ ಫ್ಯಾನು ಡ್ರಮ್ಮಿನ ನೀರನ್ನೆಲ್ಲ ಎತ್ತಿ ಗೇಟಿನಾಚೆ ಎಸೆಯಿತು.

"ಓಡ್ತು ಕಣೇ, ಓಡ್ತು!" ಎಂದು ಇವರು ಮೈಯೆಲ್ಲ ಒದ್ದೆಯಾಗಿ ಕುಣಿದರು. ಎದುರು ಮನೆಯಾಕೆ ಮೋರಿಯಲ್ಲಿ ನೀರು ಹರಿಯುವುದನ್ನು ನೋಡಿ, ಕಾವೇರಿ ಬಿಟ್ಟರು ಎಂದು ಕೂಗಿಬಿಟ್ಟಳು. ಹನ್ನೊಂದು ಮನೆಯವರು ಕೊಡ ಹಿಡಿದು ನಲ್ಲಿ ತಿರುಗಿಸಿದರು. ಅವರಲ್ಲಿ ಎಂಟು ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಕೆರೆಯ ಬೋರ್ಡು

ಒಂದು ಭಾನುವಾರ ಟ್ರಾಲಿಯನ್ನು ಟೆಂಪೋಗೆ ಕಟ್ಟಿಸಿ, ಪುಳಿಯೋಗರೆ ಕಟ್ಟಿಸಿ, ಮಗಳಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿ ಒಂದು ಕೆರೆಗೆ ಹೊರಟೆವು. ಪರ್ಮಿಷನ್ ಬೇಕಾಗಬಹುದಾ ಎಂದು ದಾರಿಯುದ್ದಕ್ಕೂ ಕೇಳಿದೆ. "ಕೆರೆ ಯಾರಪ್ಪನ ಮನೇದು?" ಎಂದರು.

ಗೇಟಿನಲ್ಲಿ ಕಾವಲಿನವರು ಮೊದಲು ನೋಡಿದ್ದು ನನ್ನ ಕೈಯ ಡಬ್ಬಿಯನ್ನು. "ಮೇಡಂ, ಒಳಗೆ ತಿಂಡಿ ತರಂಗಿಲ್ಲ." ಆಮೇಲೆ ಹಿಂದಿದ್ದ ದೋಣಿ ಕಂಡಿತು. ಅವರು ಸ್ವಲ್ಪ ಹೊತ್ತು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತರು, ಊದಲಿಲ್ಲ.

ಇವರು ನೇರವಾಗಿ ಹೋಗಿ ಬೋರ್ಡು ಓದಿದರು. ನಾಯಿ ಬೇಡ, ಸೈಕಲ್ ಬೇಡ, ಈಜಬಾರದು, ಮೀನು ಹಿಡಿಯಬಾರದು, ಪೂಜೆ ಹೂವು ಹಾಕಬಾರದು. ಗೆದ್ದವರ ಹಾಗೆ ತಿರುಗಿದರು. "ನೋಡಿ ಸಾರ್, ದೋಣಿ ಬೇಡ ಅಂತ ಎಲ್ಲೂ ಬರೆದಿಲ್ಲ."

ಕಾವಲಿನವರು ಶಾಂತವಾಗಿ ಹೇಳಿದರು: "ಆನೆ ಬೇಡ ಅಂತಲೂ ಬರೆದಿಲ್ಲ ಸಾರ್. ಹಂಗಂತ ಯಾರೂ ತಂದಿಲ್ಲ."

ಪುಳಿಯೋಗರೆಯನ್ನು ರಸ್ತೆ ಬದಿಯಲ್ಲಿ ದೋಣಿಯೊಳಗೇ ಕೂತು ತಿಂದೆವು. ಮಗಳು ಮಾತ್ರ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನವರಿಗೆಲ್ಲ ಕೈಬೀಸುತ್ತಾ ಖುಷಿಯಾಗಿದ್ದಳು. ಮನೆಗೆ ಬಂದ ಮೇಲೆ ಇವರೇ ಹೇಳಿದರು, "ಮಾರಿಬಿಡೋಣ." ಮದುವೆಯಾದ ಮೇಲೆ ಇವರಾಡಿದ ಮಾತುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕೊಳ್ಳಲು ಬಂದವರು

ಕಳೆದ ಭಾನುವಾರ ಬನಶಂಕರಿಯಿಂದ ಗಂಡ ಹೆಂಡತಿ ಬಂದರು. ಗೌರಿ ಹಬ್ಬಕ್ಕೆ ಇನ್ನು ಮೂರು ವಾರ, ಅಡುಗೆಮನೆಯಲ್ಲಿ ನಲವತ್ತು ಬ್ಲೌಸು. ಆ ಗಂಡ ದೋಣಿ ನೋಡಿದವನೇ ಅದರ ಬೆನ್ನು ಸವರತೊಡಗಿದ. ಸವರುವ ಆ ರೀತಿ ನನಗೆ ಗುರುತಿತ್ತು. ವ್ಯಾಪಾರ ಕುದುರಿತು ಎಂದುಕೊಂಡೆ.

ಆತ ಕೇಳಿದ್ದಕ್ಕೆಲ್ಲ ನಾನೇ ಮುಂದೆ ನಿಂತು ಉತ್ತರ ಕೊಟ್ಟೆ. ಎಂಜಿನ್ ಹೇಗಿದೆ? "ಇಡೀ ರಸ್ತೆ ಎದ್ದು ಬಂದು ನೋಡಿದೆ ಸಾರ್." ಮೈಲೇಜ್? "ನಮಗಂತೂ ಅರ್ಧ ಲೀಟರ್ ಪೆಟ್ರೋಲ್ ಕೂಡ ಖರ್ಚಾಗಿಲ್ಲ." ಪೂಜೆ? "ಆಗಿದೆ, ತೀರ್ಥ ನೇರ ಎಂಜಿನ್ನಿಗೇ ಬಿದ್ದಿದೆ." ಒಂದೂ ಸುಳ್ಳಲ್ಲ. ಆತ ಅಡ್ವಾನ್ಸ್ ಕೊಡಲು ಫೋನ್ ತೆಗೆದ. ನಾನು ಮನಸ್ಸಿನಲ್ಲೇ ಮಿಷನ್ನನ್ನು ಶೆಡ್ಡಿಗೆ ತಂದಿಟ್ಟು, ಗೇಟಿಗೆ ಹೊಸ ಬೋರ್ಡನ್ನೂ ಬರೆಸಿ ಮುಗಿಸಿದ್ದೆ. ಕಾಫಿ ಮಾಡುತ್ತೇನೆಂದು ಒಳಗೆ ಬಂದೆ.

ಆಕೆ ಹಿಂದೆಯೇ ಬಂದಳು. ನನಗಿಂತ ಚಿಕ್ಕವಳು, ಸೊಂಟದಲ್ಲಿ ಕೂಸು. ಬಾಗಿಲಲ್ಲೇ ನಿಂತು ತನ್ನ ವಿಷಯ ಹೇಳಿಕೊಂಡಳು. ಅವರ ಮನೆ ಮುಂದೆಯೂ ಇಷ್ಟೇ ದೊಡ್ಡ ಶೆಡ್ಡು ಇದೆಯಂತೆ. ಅಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳಂತೆ, ಈಗೀಗ ಚೆನ್ನಾಗಿ ಕೈ ಹಿಡಿದಿದೆಯಂತೆ. "ದೋಣಿ ಇಡೋಕೆ ಎರಡೇ ವಾರ ಜಾಗ ಬಿಟ್ಟುಕೊಡು ಅಂತಿದ್ದಾರೆ ಅಕ್ಕಾ."

ಹೊರಗೆ ನಮ್ಮ ಮನೆಯವರು ಕ್ಯೂಆರ್ ಕೋಡ್ ಹುಡುಕುತ್ತಿದ್ದರು. ಆಕೆಯ ಕಣ್ಣು ಒಲೆಯ ಪಕ್ಕಕ್ಕೆ ಹೋಯಿತು. ಕುಕ್ಕರಿಗೂ ಎಣ್ಣೆ ಡಬ್ಬಿಗೂ ಮಧ್ಯೆ ಸಿಕ್ಕಿಕೊಂಡ ಮಿಷನ್ನು, ಅದರ ಮೇಲೆ ಅರ್ಧ ಹೊಲಿದ ರೇಷ್ಮೆ ತೋಳು, ತೋಳಿನ ಮೇಲೆ ಒಂದು ಕರಿಬೇವಿನ ಎಲೆ. ನೋಡಿದಳು, ನನ್ನ ಮುಖ ನೋಡಿದಳು. ಉಕ್ಕುತ್ತಿದ್ದ ಕಾಫಿ ಹಾಲನ್ನು ಇಳಿಸುವ ನೆಪದಲ್ಲಿ ನಾನು ಒಲೆಯ ಕಡೆ ತಿರುಗಿದೆ.

"ಅಕ್ಕಾ, ನಿಮ್ಮ ಮಿಷನ್ ಯಾಕೆ ಅಡುಗೆಮನೇಲಿದೆ?"