ಫಾದರು, ಮೇಡಮ್ಮು, ನಮ್ಮಣ್ಣನ ಮುನಿಸು

ಚರ್ಚು, ಮನಶ್ಶಾಸ್ತ್ರ ಎರಡೂ ಒಂದೇ ಕಾಂಪೌಂಡಿನಲ್ಲಿದ್ದರೆ ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೆರಡು ಸಲ ನಗು ತಾನೇ ಗೇಟು ತಳ್ಳಿಕೊಂಡು ಒಳಗೆ ಬರುತ್ತೆ.

ನಾನು ದುಡಿಯೋದು ಪಾಂಡವಪುರದ ಹತ್ತಿರ, ಚರ್ಚಿನವರು ನಡೆಸೋ ಆಪ್ತಸಮಾಲೋಚನಾ ಕೇಂದ್ರದಲ್ಲಿ. ಬಂದವರನ್ನ ಕೂರಿಸಿ ಫಾರಂ ತುಂಬಿಸೋದು, ಹಳ್ಳಿಗಳಲ್ಲಿ ಶಿಬಿರ ಮಾಡಿಸೋದು ನನ್ನ ಕೆಲಸ. ಕೆ.ಆರ್.ಪೇಟೆ ತಾಲ್ಲೂಕಿನ ಒಕ್ಕಲು ಮನೆಯವನು, ಅಲ್ಲಿಂದ ದಿನಾ ಬೈಕಲ್ಲಿ ಬಂದುಹೋಗೋನು, ಸಮಾಜಕಾರ್ಯದಲ್ಲಿ ಎಮ್ಮೆಸ್‌ಡಬ್ಲ್ಯೂ ಮಾಡಿದವನು. ನಮ್ಮೂರಿಗೆ ನಾನೇ ಮೊದಲನೇ ಎಮ್ಮೆಸ್‌ಡಬ್ಲ್ಯೂ. ಎರಡನೆಯವನು ಹುಟ್ಟಿರೋ ಸುದ್ದಿ ಇನ್ನೂ ಬಂದಿಲ್ಲ.

ಕೇಂದ್ರಕ್ಕೆ ಇಬ್ಬರು ಯಜಮಾನರು. ಒಬ್ಬರು ಮಂಗಳೂರು ಕಡೆಯ ಫಾದರ್, ಇನ್ನೊಬ್ಬರು ಮೈಸೂರಿಂದ ದಿನಾ ಬರೋ ಸೈಕಾಲಜಿಸ್ಟ್ ಮೇಡಂ. ಮನುಷ್ಯನ ಕಷ್ಟಕ್ಕೆಲ್ಲ ಕ್ಷಮೆಯೇ ಮದ್ದು ಅಂತ ಫಾದರ್. ನುಂಗಿಕೊಂಡ ಸಿಟ್ಟೇ ಕಾಯಿಲೆ, ಮೊದಲು ಅದನ್ನ ಕಕ್ಕಿಸಿ ಅಂತ ಮೇಡಂ. ಫಾದರ್ ಪಾಪ ಅಂದಿದ್ದನ್ನ ಮೇಡಂ ಗಾಯ ಅಂತಾರೆ. ಫ್ಯಾನು ಎಷ್ಟರಲ್ಲಿ ತಿರುಗಬೇಕು ಅನ್ನೋದರಲ್ಲೂ ಒಂದಾಗದ ಇವರಿಬ್ಬರು ಒಂದೇ ಒಂದು ವಿಷಯದಲ್ಲಿ ಒಂದಾದರು. ಅದು ನನ್ನ ಗ್ರಹಚಾರ.

ನಾನು ಸ್ವಂತ ಅಣ್ಣನ ಹತ್ತಿರ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಅದು ಹೇಗೋ ಅವರ ಕಿವಿಗೆ ಬಿತ್ತು.

"ಮನೆಯಲ್ಲಿ ಅಣ್ಣನ ಹತ್ರ ಮಾತಾಡದವನು ಊರವರಿಗೆ ಎಂತ ಬುದ್ಧಿ ಹೇಳುದು ಮಾರಾಯ?" ಅಂದರು ಫಾದರ್.

"ಅದು ಸರಿ ಫಾದರ್," ಅಂದರು ಮೇಡಂ.

ನನ್ನನ್ನ ಕಾಯಂ ಮಾಡೋ ಕಾಗದಕ್ಕೆ ಇಬ್ಬರ ಸಹಿಯೂ ಬೇಕು. ಯುಗಾದಿಯೊಳಗೆ ಅಣ್ಣ ತಮ್ಮ ಮುಖಾಮುಖಿ ಮಾತಾಡಿದರೆ ಸಹಿ. ಇಲ್ಲದಿದ್ದರೆ ಮನೆಗೆ.

೧. ಇನ್ನೊಂದು ಕೆನ್ನೆ

ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ ಶಿಬಿರ. ಜನ ಸೇರಿಸಿದ್ದು ನಾನೇ. ನಾನು ಮೈಕು ಹಿಡಿದರೆ ಕಬ್ಬಿನ ಗದ್ದೆಯಲ್ಲಿರೋರೂ ಎದ್ದು ಬರ್ತಾರೆ. ಫಾದರ್ ನಿಂತು, ಒಬ್ಬ ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸಬೇಕು, ಆಗ ಹೊಡೆದವನ ಮನಸ್ಸು ಕರಗುತ್ತೆ ಅಂತ ಚೆನ್ನಾಗಿ ವಿವರಿಸಿದರು.

ಹಿಂದಿನ ಸಾಲಿನಿಂದ ಒಬ್ಬ ಯಜಮಾನ ಟವೆಲ್ಲು ಕೊಡವಿ ಎದ್ದ. "ಸ್ವಾಮಿ, ನಮ್ ಕಡೆ ಇನ್ನೊಂದ್ ಕೆನ್ನೆ ತೋರುಸುದ್ರೆ ಅದುಕ್ಕೂ ಬುಡ್ತಾರೆ. ನಿಮ್ ಕಡೆ ಎಂಗೆ, ಒಂದುಕ್ಕೇ ನಿಲ್ಲುಸ್ತಾರಾ?"

ಮೇಡಂ ಮುಂದೆ ಬಂದು ಫಾದರ್ ಕೈಯಿಂದ ಮೈಕು ತಗೊಂಡರು. "ನೋಡಿ, ಹೊಡೆಸಿಕೊಂಡು ಸುಮ್ಮನಿರಬಾರದು. ನಿನ್ನ ಗಡಿ ಇಷ್ಟು, ಇದನ್ನ ದಾಟಬೇಡ ಅಂತ ಶಾಂತವಾಗಿ ಹೇಳಬೇಕು."

"ಅದುನ್ನೇ ಯೋಳಿದ್ದು ತಾಯಿ," ಅಂದ ಯಜಮಾನ. "ನಮ್ ಗದ್ದೆ ಬದ ದಾಟ್‌ಬ್ಯಾಡ ಅಂದೆ. ಅದುಕ್ಕೇ ಮೊದುಲ್ನೇ ಕೆನ್ನೆಗೆ ಬಿದ್ದದ್ದು."

೨. ನಾನು ಕ್ಷಮಿಸಿದ್ದು

ನಮ್ಮ ಜಗಳದ ಮೂಲ ಇಷ್ಟೇ. ಸ್ನೇಹಿತರು ಬಂದಿದ್ದರು ಅಂತ ಬದುವಿನ ಮರದಿಂದ ಒಂದು ಗೊನೆ ಎಳನೀರು ಇಳಿಸಿದ್ದೆ. ಅವರ ಎದುರಿಗೇ ಅಣ್ಣ, "ನೀರುಯ್ಯೋನು ನಾನು, ಕುಡಿಯೋನು ನೀನು. ಓದಿ ಕಲ್ತಿದ್ದು ಇದೇನ್ಲಾ?" ಅಂದುಬಿಟ್ಟ. ನನ್ನಂಥವನಿಗೆ, ಅದೂ ಐದು ಜನರ ಮುಂದೆ.

ಅವತ್ತಿಂದ ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಹಸುವಿನ ಮೂಲಕ. "ಗೌರಿ, ಮೋಟ್ರು ಆಫ್ ಮಾಡಿಲ್ಲ ಅಂತ ಯೋಳು ಕೆಲವ್ರಿಗೆ," ಅಂತಾನೆ ಅಣ್ಣ. "ಆಗ್ಲೇ ಮಾಡಾಯ್ತು ಕಣೆ ಗೌರಿ," ಅಂತೀನಿ ನಾನು. ಗೌರಿ ಯಾರ ಪಕ್ಷಾನೂ ವಹಿಸದೆ ಮೇವು ತಿನ್ನುತ್ತಾಳೆ. ನಮ್ಮ ಕೇಂದ್ರದಲ್ಲೂ ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳೋರಿಲ್ಲ.

ಕ್ಷಮೆಯೊಂದೇ ದಾರಿ ಅಂತ ಫಾದರ್ ಹೇಳಿದ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದೆ. ಅಣ್ಣ ಹಾಲು ಕರೀತಿದ್ದ. ದೊಡ್ಡ ಮನಸ್ಸು ಮಾಡಿ ಹೇಳಿದೆ: "ಅಣ್ಣ, ನಾನು ನಿನ್ನ ಕ್ಷಮಿಸಿದೀನಿ."

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಗೌರಿ, ನನ್ನ ಕ್ಷಮಿಸಾಕೆ ಇವನ್ಯಾವನು ಅಂತ ಕೇಳು. ಎಳ್ನೀರು ಕುಡ್ದೋನೂ ಇವ್ನೇ, ಕ್ಷಮಿಸೋನೂ ಇವ್ನೇ." ಅಣ್ಣನ ದನಿ ಏರಿದ್ದಕ್ಕೆ ಗೌರಿ ಬೆದರಿ ಒದ್ದಳು. ಹಾಲೆಲ್ಲ ಗೊಬ್ಬರದ ಪಾಲಾಯಿತು.

ಫಾದರ್ ಕೇಳಿ ತಲೆ ಚಚ್ಚಿಕೊಂಡರು. "ತಪ್ಪು ನಿಂದು ಮಾರಾಯ. ನೀನು ಕ್ಷಮೆ ಕೇಳುದು, ಕೊಡುದಲ್ಲ."

"ಕೇಳೋ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ ಫಾದರ್," ಅಂದೆ. "ನಮ್ದೇನಿದ್ರೂ ಕೊಡೋ ಕೈ."

೩. ಬೇರೆಯವರ ಪಾಪ

ಶ್ರೀರಂಗಪಟ್ಟಣದ ಕಡೆಯ ಒಬ್ಬ ಅಜ್ಜ ಬಂದ. ಇಲ್ಲಿ ತಪ್ಪು ಹೇಳಿಕೊಂಡರೆ ಎದೆ ಹಗುರ ಆಗುತ್ತೆ ಅಂತ ಯಾರೋ ಹೇಳಿದ್ದರಂತೆ. ಫಾದರಿಗೆ ಖುಷಿಯೋ ಖುಷಿ. ಹತ್ತಿರ ಕೂರಿಸಿಕೊಂಡು, "ಹೇಳಿ ಅಜ್ಜ, ಎಲ್ಲ ಹೇಳಿ," ಅಂದರು.

ಅಜ್ಜ ಮುಕ್ಕಾಲು ಗಂಟೆ ಹೇಳಿದ. ಅಷ್ಟೂ ಅವನ ಬೀಗರ ತಪ್ಪು. ಮದುವೆಯಲ್ಲಿ ಪಾಯಸಕ್ಕೆ ನೀರು ಬೆರೆಸಿದ್ದು, ಮಗಳನ್ನ ಹಬ್ಬಕ್ಕೆ ಕಳಿಸದೇ ಇದ್ದದ್ದು, ಎದುರಿಗೆ ಸಿಕ್ಕಾಗ ಮುಖ ತಿರುಗಿಸಿದ್ದು.

"ಅಜ್ಜ, ಅದು ಅವರದ್ದಾಯ್ತು. ನಿಮ್ಮದು?"

ಅಜ್ಜ ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡ. "ನಂದೂ ಒಂದೈತೆ ಬುಡಿ. ಇಷ್ಟೆಲ್ಲ ಮಾಡುದ್ರೂ ಅವ್ರ ಮನೆಗೆ ನುಗ್ಗಿ ಒಂದ್ ಏಟೂ ಕೊಡ್ದೆ ಬಂದ್‌ಬುಟ್ಟೆ. ಆ ತಪ್ಪು ಇನ್ನೂ ಕೊರೀತೈತೆ."

ಫಾದರ್ ಎದ್ದು ಹೋಗಿ ಮೇಡಂ ಬಾಗಿಲು ತಟ್ಟಿದರು. "ಇದು ನಿಮ್ಮ ಕೇಸು."

೪. ದಿಂಬು

ಮೇಡಂ ಕೋಣೆಯಲ್ಲಿ ಒಂದು ದಿಂಬಿದೆ. ಸಿಟ್ಟು ಬಂದವರ ಹೆಸರು ಹೇಳಿ ಅದಕ್ಕೆ ಗುದ್ದಬೇಕು. ಒಬ್ಬ ಸೊಸೆ ಬಂದಿದ್ದಳು, ತಲೆ ಎತ್ತಿ ಮಾತಾಡದ ಹೆಣ್ಣುಮಗಳು. ದಿಂಬು ಕೈಗೆ ಕೊಟ್ಟರು ನೋಡಿ, "ನಮ್ಮತ್ತೆ" ಅಂದವಳೇ ಶುರು ಮಾಡಿದಳು. ಸದ್ದು ಕಾಂಪೌಂಡಿನಾಚೆಗೂ ಕೇಳಿಸಿತು.

ಅತ್ತೆ ಹೊರಗೆ ನನ್ನ ಮುಂದೆಯೇ ಕೂತಿದ್ದಳು. ನನಗೆ ಭಯ, ಈಗ ರಣರಂಗ ಆಗುತ್ತೆ ಅಂತ ಬಾಗಿಲಿಗೆ ಅಡ್ಡ ನಿಂತೆ. ಫಾದರೂ ಓಡಿ ಬಂದರು. "ಅಮ್ಮ, ಬೇಜಾರು ಮಾಡಬೇಡಿ, ಅವಳಿಗೆ ಗೊತ್ತಾಗುದಿಲ್ಲ, ಕ್ಷಮಿಸಿ."

ಅತ್ತೆ ಎಲೆಯಡಿಕೆ ಪಕ್ಕದ ದವಡೆಗೆ ತಳ್ಳಿದಳು. "ಹೊಡ್ಕೊಳ್ಲಿ ಬುಡಿ ಸ್ವಾಮಿ. ಅವ್ಳು ಮುಗ್ಸುದ್ ಮ್ಯಾಲೆ ಆ ದಿಂಬ ಹೊರಗ್ ಕೊಡಾಕ್ ಯೋಳಿ. ನಂಗೂ ಬಸ್ಸಿಗಿನ್ನೂ ಒಂದ್ ಗಂಟೆ ಟೈಮೈತೆ."

೫. ನೋವು ಎಲ್ಲಿ

ಯುಗಾದಿಗೆ ಹತ್ತು ದಿನ ಇತ್ತು. ಫಾದರ್ ದಾರಿ ಕೆಟ್ಟಿತ್ತಲ್ಲ, ಮೇಡಂ ದಾರಿ ಹಿಡಿದೆ. "ನೀನು ಬೈದೆ ಅಂತ ಶುರು ಮಾಡಬೇಡಿ. ನನಗೆ ನೋವಾಯಿತು ಅಂತ ಹೇಳಿ. ಎದುರಿನವರು ಖಂಡಿತ ಸ್ಪಂದಿಸ್ತಾರೆ," ಅಂದಿದ್ದರು.

ರಾತ್ರಿ ಊಟಕ್ಕೆ ಕೂತಾಗ, ಅವ್ವ ಮುದ್ದೆ ಬಡಿಸುವಾಗ, ಹೇಳಿಯೇಬಿಟ್ಟೆ. "ಅವತ್ತು ನೀನು ಅಂಗಂದಾಗ ನಂಗೆ ನೋವಾಯ್ತು. ಇನ್ನೂ ಐತೆ."

ಅಣ್ಣ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಹಾಕಿದ. "ಅವ್ವ, ಎಲ್ಲಿ ನೋವು ಅಂತ ಕೇಳು."

"ಎಲ್ಲಪ್ಪ?" ಅಂದಳು ಅವ್ವ.

"ಒಳಗೆ."

"ಹೊಟ್ಟೇಲಾ, ಎದೇಲಾ ಕೇಳವ್ವ," ಅಂದ ಅಣ್ಣ. ಅವನ ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು. "ಎಲ್ಡು ವರ್ಷದಿಂದ ನೋವಿಟ್ಕೊಂಡು ಬಾಯ್ ಬುಟ್ಟಿಲ್ವಲ್ಲ."

ಬೆಳಗಾಗೋದರೊಳಗೆ ಅರ್ಧ ಊರು ಜಗುಲಿ ಮೇಲಿತ್ತು. ಒಬ್ಬರು ಗ್ಯಾಸು ಅಂದರು, ಒಬ್ಬರು ದೃಷ್ಟಿ ಅಂದರು. ಚಿಕ್ಕಮ್ಮ ಮೆಣಸಿನಕಾಯಿ ನಿವಾಳಿಸಿದಳು. ಅತ್ತಿಗೆ ಮೂರು ದಿನ ಬರೀ ಗಂಜಿ ಕೊಟ್ಟಳು. ಅಣ್ಣ ಮಾತಾಡಿದ್ದು ಅವ್ವನ ಮೂಲಕವೇ ಆದ್ದರಿಂದ ಅದು ಲೆಕ್ಕಕ್ಕಿಲ್ಲ ಅಂದರು ಮೇಡಂ. ನೋವು ಹೇಳಿಕೊಂಡ ತಪ್ಪಿಗೆ ಸಹಿಯೂ ಇಲ್ಲ, ಸಾರೂ ಇಲ್ಲ.

೬. ಫಾರಂ

ಯುಗಾದಿಯ ಹಿಂದಿನ ದಿನ. ನಾನು ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಯಾರೋ ಬಂದು ಕೂತರು. ತಲೆ ಎತ್ತಿದರೆ ನಮ್ಮಣ್ಣ, ಇಸ್ತ್ರಿ ಶರ್ಟಿನಲ್ಲಿ.

ಯಾರೇ ಬರಲಿ, ಫಾರಂ ತುಂಬಿಸಲೇಬೇಕು. ಫಾದರ್, ಮೇಡಂ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಬಂದು ನಿಂತರು. ನಾನು ಕಾಗದದ ಮೇಲೆ ಕಣ್ಣಿಟ್ಟು ಶುರು ಮಾಡಿದೆ.

"ಸಮಸ್ಯೆ ಏನು?"

"ತಮ್ಮ."

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷದಿಂದ." ನನ್ನ ವಯಸ್ಸು ಅಷ್ಟೇ.

"ನಿದ್ದೆ ಬರ್ತದಾ?"

"ಅವನ ಬೈಕು ಅಟ್ಟಿ ಬಾಗ್ಲಿಗೆ ಬಂದ್ ನಿಲ್ಲೋಗಂಟ ಬರಾಕಿಲ್ಲ."

ಅದನ್ನ ಎರಡೆರಡು ಸಲ ಬರೆದೆ. ಹೇಗೋ ಮುಂದಿನ ಸಾಲಿಗೆ ಹೋದೆ. "ಮೊದ್ಲು ಏನಾದ್ರೂ ಚಿಕಿತ್ಸೆ ಕೊಡ್ಸಿದ್ರಾ?"

"ಎಮ್ಮೆಸ್‌ಡಬ್ಲ್ಯೂ ಓದುಸ್ದೆ. ಜಾಸ್ತಿ ಆಯ್ತು."

"ಅಣ್ಣ, ಅವತ್ತು ನಿನ್ ಕೇಳ್ದೆ ಗೊನೆ ಇಳಿಸ್ಬಾರ್ದಿತ್ತು," ಅಂದೆ. ಫಾರಂನಲ್ಲಿ ಆ ಸಾಲು ಇರಲಿಲ್ಲ.

"ಐದು ಜನದ ಮುಂದೆ ನಾನೂ ಅನ್‌ಬಾರ್ದಿತ್ತು ಕಣ್ಲಾ," ಅಂದ ಅಣ್ಣ. ನನ್ನ ಮುಖ ನೋಡಿಯೇ ಅಂದ.

ಫಾದರ್ ಕಣ್ಣೊರೆಸಿಕೊಂಡರು. "ನೋಡಿದಿರಾ ಮೇಡಂ, ಕ್ಷಮೆ."

"ಅಲ್ಲ ಫಾದರ್, ಇಬ್ಬರೂ ಭಾವನೆ ಹೊರಗೆ ಹಾಕಿದರು," ಅಂದರು ಮೇಡಂ. "ನೀವೇ ಹೇಳಿ ಯಜಮಾನರೇ, ತಮ್ಮನನ್ನ ಕ್ಷಮಿಸಬೇಕು ಅಂತ ಬಂದ್ರಾ, ಮನಸ್ಸಲ್ಲಿರೋದು ಹೇಳಿ ಹಗುರ ಆಗಬೇಕು ಅಂತ ಬಂದ್ರಾ?"

ಅಣ್ಣ ಇಬ್ಬರಿಗೂ ಕೈ ಮುಗಿದ. "ನಂಗೆ ಅವೆಲ್ಡೂ ತಿಳೀವು ತಾಯಿ. ಇವನ್ನ ಕಾಯಂ ಮಾಡ್ನಿಲ್ಲ ಅಂದ್ರೆ ನಾಳಿಂದ ದಿನವೆಲ್ಲ ಮನೇಲೇ ಇರ್ತಾನೆ ಅಂತ ನಮ್ಮವ್ವ ಯೋಳುದ್ಲು. ಅದುಕ್ಕೆ ಎದ್ದೋ ಬಿದ್ದೋ ಬಂದೆ."

ಫಾದರ್, ಮೇಡಂ ಇಬ್ಬರೂ ಸಹಿಗೆ ಒಟ್ಟಿಗೆ ಪೆನ್ನು ಹುಡುಕಿದರು.