ಕ್ವಾಂಟಮ್ ಶ್ಯಾಮನ ಮುಯ್ಯಾಳುಗಳು

ವಿಜ್ಞಾನ ಮುಂದೆ ಯಾವ ದಿಕ್ಕಿಗೆ ಹೋಗಬೇಕು ಎಂಬ ಜಗತ್ತಿನ ದೊಡ್ಡ ಪ್ರಶ್ನೆ ಒಂದು ಬುಧವಾರ ಬೆಳಿಗ್ಗೆ ಹೊಸನಗರದ ಕಾಲೇಜೊಂದರ ಹಳೇ ಕೇರಂ ಕೋಣೆಯ ಮುಂದೆ ಬಂದು ನಿಂತಿತು. ಕೋಣೆಗೆ ಒಂದು ಕಿಟಕಿ, ಒಂದು ಫ್ಯಾನು, ಒಳಗಿನಿಂದ ಹಾಕಿಕೊಳ್ಳಲು ಬರುವ ಒಂದು ಚಿಲಕ. ಅದನ್ನು ಸಂಶೋಧನಾ ಕೊಠಡಿ ಮಾಡಿ, ಯಾರ ಬರಹಕ್ಕೆ ಹೆಚ್ಚು ಸೈಟೇಶನ್ ಇದೆಯೋ, ಅಂದರೆ ಯಾರ ಬರಹವನ್ನು ಉಳಿದವರು ತಮ್ಮ ಲೇಖನಗಳಲ್ಲಿ ಹೆಚ್ಚು ಹೆಸರಿಸಿದ್ದಾರೋ, ಅವರಿಗೇ ಕೊಡುವುದೆಂದು ಪ್ರಿನ್ಸಿಪಾಲ್ ಸೀತಾರಾಮಪ್ಪ ಸಾರಿದರು. ಎಣಿಸಲು ಸಂಜೆ ಸಾಗರದಿಂದ ಮನೋರಮಾ ಮೇಡಂ ಎಂಬ ತಜ್ಞರು ಬರುವವರಿದ್ದರು.

ಭೌತಶಾಸ್ತ್ರದ ಶ್ಯಾಮನಿಗೆ ಅನುಮಾನವೇ ಇರಲಿಲ್ಲ. ತಾಲ್ಲೂಕಿನಲ್ಲಿ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಪ್ರಬಂಧ ಬರೆದವನು ಅವನೊಬ್ಬನೇ, ಅದೂ ಏಳು. ಕೋಣೆಯಂತೂ ಬೇಕೇ ಬೇಕಿತ್ತು. ಮನೆಯ ಒಂದೇ ಮೇಜಿನ ಮೇಲೆ ಹೆಂಡತಿ ವಂದನಾಳ ಹೊಲಿಗೆ ಮಿಷನ್ ಬಂದು ಕೂತ ಮೇಲೆ, ಎಂಟನೆಯ ಪ್ರಬಂಧ ಬ್ಲೌಸ್ ಪೀಸುಗಳ ಅಡಿಯಲ್ಲಿ ಉಸಿರುಗಟ್ಟಿ ಮಲಗಿತ್ತು.

“ನಿಮ್ದನ್ನ ಎಷ್ಟು ಜನ ಹೆಸರಿಸಿದಾರೆ ಶ್ಯಾಮ್?” ಎಂದು ಸ್ಟಾಫ್ ರೂಮಿನಲ್ಲಿ ಕನ್ನಡದ ವಾಗ್ದೇವಿ ಅವನ ಲ್ಯಾಪ್‌ಟಾಪಿಗೆ ಇಣುಕಿದರು.

“ಇಪ್ಪತ್ತೊಂದು ಸಲ!”

“ಸಲ ಅಲ್ಲ, ಜನ.”

ಶ್ಯಾಮ ಬೆರಳು ಮಡಿಸಿ ಎಣಿಸಿದ. ಎರಡನೆಯದರಲ್ಲಿ ಮೊದಲನೆಯದನ್ನು, ಮೂರನೆಯದರಲ್ಲಿ ಎರಡನ್ನೂ, ಹೀಗೇ ಏಳರವರೆಗೆ... “ಎಲ್ಲಾ ನಾನೇ.”

“ಕನ್ನಡಿ ಎದ್ರು ನಿಂತು ನಿಮಗೆ ನೀವೇ ನಮಸ್ಕಾರ ಹೊಡ್ಕಂಡಂಗಾಯ್ತಲ್ರಿ! ಅದು ಲೆಕ್ಕಕ್ಕಿಲ್ಲ.”

ಶ್ಯಾಮನ ಮುಖ ಮಳೆಗೆ ಸಿಕ್ಕ ಹಪ್ಪಳದಂತಾಯಿತು. ಆಗ ಚರಿತ್ರೆಯ ಪುಟ್ಟಪ್ಪ ಟೀ ಲೋಟ ಕೆಳಗಿಟ್ಟರು.

“ಒಬ್ರೇ ಗದ್ದೆಗಿಳಿದ್ರೆ ನಾಟಿ ಮುಗಿಯತ್ತಾ ಶ್ಯಾಮಣ್ಣ? ಮುಯ್ಯಾಳು ಕರೀರಿ, ಇವತ್ತು ಅವ್ರು ನಿಮ್ಮ ಗದ್ದೆಗೆ, ನಾಳೆ ನೀವು ಅವ್ರ ಗದ್ದೆಗೆ. ಇವ್ರೆಲ್ಲ ಒಂದೊಂದು ಲೇಖನ ಬರ್ದು ನಿಮ್ಮ ಹೆಸರು ಹಾಕ್ಲಿ, ನೀವೂ ಒಂದು ಬರ್ದು ಅವ್ರ ಹೆಸರು ಹಾಕಿ. ಕಾಲೇಜಿನ ಆನ್‌ಲೈನ್ ಪತ್ರಿಕೆಗೆ ಸಂಪಾದಕ ನಾನಿದೀನಲ್ಲ, ಸಂಜೆಯೊಳಗೆ ಹಾಕ್ಬಿಡ್ತೀನಿ.”

“ನಿಮ್ಗೆ ಮುಯ್ಯಿ?” ಎಂದ ಶ್ಯಾಮ.

“ನಂಗೆಂತಕೆ? ಪತ್ರಿಕೆ ಪದ್ಧತಿ ಗೊತ್ತಲ್ಲ, ಎಲ್ಲಾ ಲೇಖನದ ಕೊನೇಲೂ ನನ್ನ ಸಂಪಾದಕೀಯ ಹೆಸರಿಸ್ಬೇಕು. ಅಷ್ಟು ಮಾಡಿ, ಸಾಕು.”

ಕಾಗದದ ತಲೆಗೆ ‘ಶ್ರೀ’ ಹಾಕುವಷ್ಟೇ ಸಲೀಸಾದ ಪದ್ಧತಿ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

“ಕ್ವಾಂಟಮ್ ಅಂದ್ರೆ ಎಂತ ಸಾರ್? ಬೇಗ ಹೇಳಿ, ಬೆಲ್ ಹೊಡೀತಾರೆ,” ಎಂದ ದೈಹಿಕ ಶಿಕ್ಷಣದ ಶಿವರಾಮ.

“ಒಂದು ಕಣ ಒಂದೇ ಹೊತ್ತಿಗೆ ಎರಡು ಸ್ಥಿತೀಲಿ ಇರತ್ತೆ. ನೋಡಿದ್ಮೇಲೇ ಯಾವ್ದೋ ಒಂದು.”

“ಓಹೋ! ನಮ್ಮ ರೈಡರ್ ಗೆರೆ ಮುಟ್ಟಿದ್ನೋ ಇಲ್ವೋ, ರೆಫ್ರಿ ಸೀಟಿ ಊದೋವರೆಗೆ ಎರಡೂ ಹೌದು!”

ಶಿವರಾಮ ಕಬಡ್ಡಿಯ ಮೇಲೆ ಬರೆದ. ವಾಗ್ದೇವಿ ಜೋಗುಳದ ತೊಟ್ಟಿಲು ಏಕಕಾಲದಲ್ಲಿ ಎರಡೂ ಕಡೆ ಇರುವುದನ್ನು ಕಂಡುಹಿಡಿದರು. ಮಾರುಕಟ್ಟೆ ತೆರೆಯುವವರೆಗೆ ಅಡಿಕೆ ಧಾರಣೆ ಏರಿಯೂ ಇರುತ್ತದೆ, ಇಳಿದೂ ಇರುತ್ತದೆ ಎಂದು ವಾಣಿಜ್ಯದ ರಾಜೇಂದ್ರ ಸಾಬೀತುಪಡಿಸಿದ. ಊಟದ ಹೊತ್ತಿಗೆ ಶ್ಯಾಮನ ಖಾತೆಯಲ್ಲಿ ಅಪ್ಪಟ ಮೂರು ಸೈಟೇಶನ್ ಬಿದ್ದಿದ್ದವು. ಅವನು ಮನಸ್ಸಿನಲ್ಲೇ ಕೋಣೆಯ ಕಿಟಕಿಗೆ ಪರದೆ ಕಟ್ಟಿದ.

“ಮುಯ್ಯಿ ತೀರಿಸ್ದೆ ಬದು ದಾಟಂಗಿಲ್ಲ,” ಎಂದು ವಾಗ್ದೇವಿ ಬಾಗಿಲಿಗೆ ಅಡ್ಡ ನಿಂತರು.

“ಹೌದು ಹೌದು, ಮೇಡಂ ಬರೋಕ್ ಮುಂಚೆ ತೀರ್ಸಿ,” ಎಂದು ಪುಟ್ಟಪ್ಪ ಕುರ್ಚಿಯನ್ನೂ ಎಳೆದುಕೊಟ್ಟರು.

ಶ್ಯಾಮ ಕೂತು ಬರೆದ. ಜೋಗುಳ, ಅಡಿಕೆ, ಕಬಡ್ಡಿ ಮೂರನ್ನೂ ಒಟ್ಟಿಗೆ ಹೆಸರಿಸಿದ ಕ್ವಾಂಟಮ್ ಲೇಖನ ಅದಕ್ಕೆ ಮೊದಲು ಎಲ್ಲಿಯೂ ಬಂದಿರಲಾರದು. ಕೊನೆಯಲ್ಲಿ ಪದ್ಧತಿಯಂತೆ ಪುಟ್ಟಪ್ಪನವರ ಸಂಪಾದಕೀಯವನ್ನೂ ಸೇರಿಸಿ, ಇನಿಷಿಯಲ್ ಸರಿಯಿದೆಯೇ ಎಂದು ಅವರನ್ನೇ ಕೇಳಿ ಖಾತ್ರಿಮಾಡಿಕೊಂಡ.

ಸಂಜೆ ಮನೋರಮಾ ಮೇಡಂ ಕನ್ನಡಕ ಏರಿಸಿದರು. “ಕ್ವಾಂಟಮ್ಮಿಗೂ ಕಬಡ್ಡಿಗೂ ಎಂತ ಸಂಬಂಧ?”

ಪ್ರಿನ್ಸಿಪಾಲರು ಕೆಮ್ಮಿದರು.

“ಹೋಗ್ಲಿ ಬಿಡಿ. ನಾನು ಬಂದಿದ್ದು ಎಣ್ಸಕ್ಕೆ.” ಶ್ಯಾಮನ ಸ್ವಂತದ ಇಪ್ಪತ್ತೊಂದನ್ನೂ ಒಂದೇ ಗೀಟಿನಲ್ಲಿ ಹೊಡೆದುಹಾಕಿ ಓದಿದರು: “ವಾಗ್ದೇವಿ, ಒಂದು. ರಾಜೇಂದ್ರ, ಒಂದು. ಶಿವರಾಮ, ಒಂದು. ಶ್ಯಾಮ, ಮೂರು.”

ಶ್ಯಾಮ ಕುರ್ಚಿಯಿಂದ ಅರ್ಧ ಎದ್ದ.

“ಪುಟ್ಟಪ್ಪ, ನಾಲ್ಕು.”

ಅರ್ಧ ಎದ್ದವನು ಅಲ್ಲಿಯೇ ನಿಂತುಬಿಟ್ಟ, ಕೂತಿದ್ದಾನೋ ಎದ್ದಿದ್ದಾನೋ ಹೇಳಲು ಬರುವಂತಿರಲಿಲ್ಲ. “ಅವ್ರು ಎಂತದೂ ಬರ್ದೇ ಇಲ್ವಲ್ಲ ಮೇಡಂ!”

“ಅರ್ಧ ಪುಟದ ಸಂಪಾದಕೀಯ ಇದೆಯಲ್ಲ. ಮೂರು ಜನ ನಿಮ್ಮನ್ನೂ ಹೆಸರಿಸಿದಾರೆ, ಇವ್ರನ್ನೂ ಹೆಸರಿಸಿದಾರೆ. ಅಲ್ಲಿಗೆ ಸಮ. ಆಮೇಲೆ ಇನ್ನೊಬ್ರು...” ಮೇಡಂ ಲ್ಯಾಪ್‌ಟಾಪಿನ ಪರದೆಗೆ ಬಗ್ಗಿ ನೋಡಿದರು. “ಈ ನಾಲ್ಕನೇ ಲೇಖನ ನಿಮ್ದೇ ಅಲ್ವಾ ಶ್ಯಾಮ್?”

ಪುಟ್ಟಪ್ಪ ಬೀಗದಕೈ ಇಸಿದುಕೊಂಡು, ಅವನ ಬೆನ್ನು ತಟ್ಟಿದರು. “ಊಟ ಆದ್ಮೇಲೆ ಚೂರು ಒರಗಕ್ಕೆ ಜಾಗ ಇರ್ಲಿಲ್ಲ ಮಾರಾಯ್ರೆ. ಮುಯ್ಯಿ ತೀರ್ಸದಂದ್ರೆ ನೀವೇ ಸೈ.” ಸ್ವಲ್ಪ ಹೊತ್ತಿಗೆ ಕೇರಂ ಕೋಣೆಯ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ವಂದನಾಳ ಫೋನು ಬಂತು. “ಎಂತ ಆತು?”

“ಕೋಣೆ ಸಿಕ್ಕಿದ್ದಿಲ್ಲೆ.”

“ಹಂಗಾರೆ ಮನೆಗೆ ಬಪ್ಪಕಾರೆ ಕಪ್ಪು ದಾರದ ಉಂಡೆ ತಗಂಡು ಬನ್ನಿ.”

ಶ್ಯಾಮ ದಾರ ಕೊಂಡು ಮನೆಗೆ ಹೋದ.